ನೀರುಗಂಟಿ ರಜೆ ಹಾಕಿದ ದಿನ

ಹತ್ತೊಂಬತ್ತು ವರ್ಷದಲ್ಲಿ ಇದು ಮೊದಲ ರಜೆ.
ವಾಲ್ವಿನ ಕೀಲಿಕೈ ಅಳಿಯ ಗಾದ್ರಪ್ಪನಿಗೆ ಕೊಟ್ಟು ಹೇಳಿದೆ:
ಮೇಗಳ ಕೇರಿಗೆ ಮುಕ್ಕಾಲು ಗಂಟೆ,
ಕೆಳಗಳ ಕೇರಿಗೆ ಒಂದು, ಅವರ ಪೈಪು ಸಣ್ಣದು,
ಯಾರು ಬೈದರೂ ತಿರುಗಿ ಮಾತಾಡಬೇಡ,
ನೀರು ಬಿಡುವವನ ಬಾಯಿ ಒಣಗಿರಬೇಕು.

ಉತ್ತರೆ ಮಳೆ ಮೂರು ರಾತ್ರಿ ಬಿಡದೆ ಹೊಡೆದಿತ್ತು.
ಜೋಗಿಮಟ್ಟಿ ಹಿಂದೆ ಬೀಳು ಎದ್ದೈತೆ, ಅಂದ
ಫಾರೆಸ್ಟಿನ ವಾಚರ್ ಸಣ್ಣಬೋರಯ್ಯ.
ನಮ್ಮ ಕಡೆ ಬೀಳು ಅಂದರೆ ಉಳದೆ ಬಿಟ್ಟ ಹೊಲ.
ಅವನ ಬಾಯಲ್ಲಿ ಮಾತ್ರ ಅದು ನೀರು.
ಬೀಳುವುದು ಏಳುವುದೆಂದರೇನೆಂದು
ನೋಡೇ ಬಿಡೋಣವೆಂದು ಹೊರಟೆ.

ಬಂದರಿಕೆ ಸೊಪ್ಪು ಪ್ಯಾಂಟಿಗೆ ಅಂಟುತ್ತ
ಮೊಣಕಾಲವರೆಗೆ ನನ್ನನ್ನು ಹಸಿರು ಮಾಡಿತು.
ಕರಡಿ ಕೆದರಿದ ಹುತ್ತ, ಇನ್ನೂ ಹಸಿ.
ಅಗೋ, ನಿನ್ನೆ ರಾತ್ರಿ ಊಟ ಮಾಡೈತೆ, ಅಂದ,
ನೆರೆಮನೆಯವರ ಸುದ್ದಿ ಹೇಳಿದ ಹಾಗೆ.
ಇಲಾಖೆ ಕೊಟ್ಟ ಬೂಟು ಅವನಿಗೆ ಎರಡು ಸೈಜು ದೊಡ್ಡದು,
ಮುಂದೆ ಹಳೆ ಬನಿಯನ್ನು ತುರುಕಿದ್ದಾನೆ.
ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರದ ರೆಕ್ಕೆ
ಮಂಜಿನೊಳಗೆ ಹೋಗಿ, ಒದ್ದೆಯಾಗಿ ಹೊರಬರುತ್ತಿತ್ತು.

ಕಮರದ ಮರಗಳ ನಡುವೆ
ಮೊದಲು ಸದ್ದು ಕೇಳಿದಾಗ ಎದೆ ಧಸಕ್ಕೆಂದಿತು:
ಎಲ್ಲೋ ಮೇನ್ ಲೈನ್ ಒಡೆದಿದೆ!
ಕೈ ಸೊಂಟಕ್ಕೆ ಹೋಯಿತು, ಪಾನಾ ಇರಲಿಲ್ಲ.
ಬೋರಯ್ಯ ನಕ್ಕ, ನಕ್ಕು ನಕ್ಕು
ಒಂದು ಬಂಡೆ ಹಿಡಿದು ನಿಂತ.

ಮೊದಲ ಮೆಟ್ಟಿಲು ಮೊಣಕಾಲೆತ್ತರ, ನಲ್ಲಿಕಟ್ಟೆಯಷ್ಟೇ.
ಎರಡನೆಯದು ಎರಡಾಳು.
ಅಭ್ಯಾಸ ಬಿಡುವುದಿಲ್ಲ, ಎಣಿಸತೊಡಗಿದೆ:
ಒಂದು ಉಸಿರಿಗೆ ಹತ್ತು ಕೊಡ,
ಅಲ್ಲ, ಮೂವತ್ತು,
ಅಲ್ಲ.
ಇಷ್ಟೊಂದು ನೀರು, ಸಾಲಿನಲ್ಲಿ ಒಬ್ಬರಿಲ್ಲ.
ಕೊಡವಿಟ್ಟು ಪಾಳಿ ಹಿಡಿದ ಕಲ್ಲಿಲ್ಲ, ಜಡೆ ಜಗ್ಗಾಟವಿಲ್ಲ.
ಒಂದು ನವಿಲು ಬಂತು, ಎರಡು ಗುಟುಕು ಕುಡಿದು
ಉಳಿದದ್ದನ್ನು ಹಾಗೇ ಬಿಟ್ಟು ಹೋಯಿತು.

ಮೂರನೆಯ ಮೆಟ್ಟಿಲಲ್ಲಿ ಸಿಗ್ನಲ್ಲು.
ಕೂಡಲೇ ಕೆಳಗಳ ಕೇರಿಯ ಕಾಟಮ್ಮ:
ಎಲ್ಲಿ ಸತ್ತಿದ್ದೀಯೋ, ಆರೂವರೆ ಆತು,
ನಲ್ಲಿ ಬರೀ ಗಾಳಿ ಉಗುಳ್ತೈತೆ!
ಏನು ಹೇಳಲಿ, ಫೋನು ಎತ್ತಿ ನೀರಿನ ಕಡೆ ಹಿಡಿದೆ.
ಬೈಗುಳ ನಿಂತಿತು.
ಸ್ವಲ್ಪ ಹೊತ್ತು ಆ ಕಡೆಯಿಂದ ಅವಳ ಉಸಿರು ಮಾತ್ರ,
ಅವಳ ಮನೆಯ ಕೋಳಿ ಮಾತ್ರ.
ಆಮೇಲೆ ಮೆಲ್ಲಗೆ: ಯಾರು ಬಿಟ್ಟರೋ ಅದನ್ನ?

ನಾಲ್ಕರಲ್ಲಿ ಪಾಚಿ. ಬೋರಯ್ಯ ಸಾಕೆಂದ.
ಮೇಲೆ ಮಂಜು, ಮಂಜಿನೊಳಗೆ ಇನ್ನೂ ಬಿಳಿ.
ಒಟ್ಟು ಎಷ್ಟು ಮೆಟ್ಟಿಲಯ್ಯಾ?
ನಮ್ಮಜ್ಜಿ ಏಳು ಅಂತಿದ್ಲು.
ಐದು ದಾಟಿದರೆ ಎಲ್ಲಾನೂ ಏಳೇ ಆಕೀಗೆ.

ಬಂಡೆಯಲ್ಲೊಂದು ಗುಂಡಗಿನ ಕುಳಿ,
ನೀರು ಸುತ್ತಿ ಸುತ್ತಿ ಕೊರೆದದ್ದು,
ನಮ್ಮ ವಾಲ್ವಿನ ಗುಂಡಿಯಷ್ಟೇ ಅಗಲ.
ಬೋರಯ್ಯ ಬೀಡಿ ಹಚ್ಚಲು ಆ ಕಡೆ ತಿರುಗಿದಾಗ
ಮೊಣಕೈವರೆಗೆ ಕೈ ಇಳಿಸಿ
ಬಲಕ್ಕೆ ತಿರುಗಿಸಿದೆ.
ಸುಳ್ಳೇಕೆ, ಇನ್ನೊಮ್ಮೆಯೂ ತಿರುಗಿಸಿದೆ.
ಏನೂ ನಿಲ್ಲಲಿಲ್ಲ.
ಬೆರಳಿಗೆ ಸಿಕ್ಕಿದ್ದು ಒಂದು ನುಣ್ಣನೆ ಹರಳು,
ಅಲ್ಲೇ ಬಿಟ್ಟು ಬಂದೆ.

ಸಂಜೆ ಊರಿಗೆ ಬಂದರೆ
ಗಾದ್ರಪ್ಪ ನಿದ್ದೆ ಹೊಡೆದು
ಕೆಳಗಳ ಕೇರಿಗೆ ತಡವಾಗಿ, ಆದರೆ ಎರಡು ಗಂಟೆ ಬಿಟ್ಟಿದ್ದಾನೆ.
ಚರಂಡಿಯಲ್ಲೂ ತಿಳಿನೀರು, ಅದರಲ್ಲಿ
ಮಕ್ಕಳ ಚಪ್ಪಲಿ ತೇಲುತ್ತಿವೆ.
ಬೈಯಬೇಕಿತ್ತು. ಬಾಯಿ ಒದ್ದೆಯಾಗಿತ್ತು.

ಕಾಟಮ್ಮ ತುಂಬಿದ ಕೊಡ ಸೊಂಟದಿಂದ ಇಳಿಸದೆ ನಿಂತಳು:
ಮುಂದಿನ ಸಲ ನನ್ನೂ ಕರ್ಕೊಂಡು ಹೋಗು. ಯಾವತ್ತು?
ಹತ್ತೊಂಬತ್ತು ವರ್ಷ ಎಲ್ಲರಿಗೂ ಹೊತ್ತು ಹೇಳಿದವನು
ಮುಗಿಲ ಕಡೆ ನೋಡಿದೆ.
ಗೊತ್ತಿಲ್ಲವ್ವ, ಅಂದೆ.
ಅವಳೂ ನೋಡಿದಳು.